ಕೇಳಿ, ಹೇಳ್ತೇನೆ: ಡೆನ್ವರಿನ ಕಾರ್ಕಿ, ಬಾಕ್ಸಿಂಗ್ ಮತ್ತು ಒಂದು ಉದ್ದದ ಪದ್ಯ

(ಕಳೆದ ತಿಂಗಳು ಗಡಿನಾಡಿನ ಕವಿಗಳ ಬಗ್ಗೆ ಬರೆದಾಗ ಕೊನೆಗೆ ಒಂದು ಸಾಲಿನಲ್ಲಿ ಅಮೇರಿಕದ ಚಿಕಾನೊ, ಅಂದ್ರೆ ಮೆಕ್ಸಿಕನ್ ಮೂಲದ ಅಮೇರಿಕನ್, ಕವಿಗಳ ಹೆಸರು ಎತ್ತಿದ್ದೆ. ಅದಕ್ಕೇ ಇಷ್ಟು ಕಾಗದ ಬರ್ತದೆ ಅಂತ ಅಂದಾಜಿರ್ಲಿಲ್ಲ. ಹಾಗಾಗಿ ಈ ಸಲ ಅಡಿಕೆ ರೋಗದ ಪ್ರಶ್ನೆ, ಪಿಂಚಣಿ ಪ್ರಶ್ನೆ ಎಲ್ಲ ಮುಂದಿನ ಸಂಚಿಕೆಗೆ, ಈ ವಿಷಯ ಮಾತ್ರ.)

ಪ್ರಶ್ನೆ: ನಮ್ಮ ಮಗ ಅಮೇರಿಕದ ಡೆನ್ವರಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಒಂದು ಲೈಬ್ರರಿಗೆ ರೊಡಾಲ್ಫೋ ‘ಕಾರ್ಕಿ’ ಗೊನ್ಸಾಲೆಸ್ ಅಂತ ಹೆಸರಿಟ್ಟಿದ್ದಾರಂತೆ, ಫೋಟೋ ಕಳಿಸಿದ್ದ. ಕವಿ ಅಂತಾನೆ, ಬಾಕ್ಸರ್ ಅಂತಾನೆ, ಹೋರಾಟಗಾರ ಅಂತಾನೆ. ಮೂರೂ ಒಬ್ಬನೇಯಾ? ಸ್ವಲ್ಪ ವಿವರವಾಗಿ ಹೇಳಿ.
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಮೂರೂ ಒಬ್ಬನೇ ಮಾಸ್ಟ್ರೇ. ಬೇಕಾದ್ರೆ ಇನ್ನೂ ನಾಲ್ಕು ಸೇರಿಸ್ಬಹುದು, ಬೀಟ್ ಗದ್ದೆಯ ಕೂಲಿ, ಕಸಾಯಿಖಾನೆಯ ಕೆಲಸದವ, ಬಾರಿನ ಯಜಮಾನ, ಪಾರ್ಟಿಯ ಪುಢಾರಿ. ಹುಟ್ಟಿದ್ದು 1928ರ ಜೂನ್ 18ಕ್ಕೆ, ಅದೇ ಡೆನ್ವರಲ್ಲಿ, ಎಂಟು ಮಕ್ಕಳಲ್ಲಿ ಕೊನೆಯವ. ಅಪ್ಪ ಮೆಕ್ಸಿಕೋದ ಚಿವಾವ ಕಡೆಯಿಂದ ಬಂದವರು, ತಾಯಿ ಅವ ತೀರಾ ಸಣ್ಣವನಿರುವಾಗ್ಲೇ ತೀರಿಹೋದ್ರು. ಅಮೇರಿಕದಲ್ಲಿ ಸಕ್ಕರೆಯನ್ನು ಕಬ್ಬಿನಿಂದ ಮಾತ್ರ ಅಲ್ಲ, ಬಿಳಿ ಬೀಟ್ ಗಡ್ಡೆಯಿಂದಲೂ ತೆಗೀತಾರೆ, ಕೊಲರಾಡೊದ ಆ ಬೀಟ್ ಗದ್ದೆಗಳಲ್ಲಿ ಬೆನ್ನು ಬಗ್ಗಿಸಿ ದುಡಿಯುವವರಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದವರೇ, ಮಕ್ಕಳನ್ನೂ ಕಟ್ಟಿಕೊಂಡು ಹೋಗುವುದು. ಕಾರ್ಕಿಯೂ ಹೋದ. ಹಾಗೆ ಕೆಲಸ ಮಾಡ್ತಾ ಮಾಡ್ತಾ 16ನೇ ವಯಸ್ಸಿಗೇ ಹೈಸ್ಕೂಲ್ ಮುಗಿಸಿದ, ಯೂನಿವರ್ಸಿಟಿಗೂ ಸೇರಿದ, ಆದ್ರೆ ಫೀಸು ಕಟ್ಲಿಕ್ಕಾಗದೆ ಬಿಟ್ಟ. ಕಾರ್ಕಿ ಅಂತ ಹೆಸರು ಬಂದದ್ದು ಮಾವನಿಂದ ಅಂತ ಹೇಳ್ತಾರೆ, ಸುಮ್ನೆ ಕೂತ್ಕೊಳ್ಳದೆ ಬಾಟ್ಲಿಯ ಬೂಚಿನ ಹಾಗೆ ಟಪ್ಪಂತ ಹಾರ್ತಾ ಇದ್ದನಂತೆ.

ದುಡ್ಡಿಗೆ ಬಾಕ್ಸಿಂಗ್ ಆಡ್ಲಿಕ್ಕೆ ಶುರು ಮಾಡಿದ್ದು 1947ರಲ್ಲಿ, ಬಿಟ್ಟದ್ದು 1955ರಲ್ಲಿ. ಫೆದರ್‌ವೇಟ್, ಅಂದ್ರೆ 57 ಕಿಲೋ ಒಳಗಿನ ಸಣಕಲು ಜನರ ವಿಭಾಗ. ಜಗತ್ತಿನ ಮುಂಚೂಣಿಯ ಆಟಗಾರರ ರ‍್ಯಾಂಕಿಂಗಿನಲ್ಲಿ ಇದ್ದ, ಆದ್ರೆ ವರ್ಲ್ಡ್ ಟೈಟಲಿಗೆ ಆಡುವ ಚಾನ್ಸ್ ಮಾತ್ರ ಸಿಗ್ಲೇ ಇಲ್ಲ. ಊರಲ್ಲಿ ಮಾತ್ರ ಸ್ಟಾರ್. ಆಮೇಲೆ ಬಾರ್ ತೆರೆದ, ಜಾಮೀನು ಕೊಡಿಸುವ ಬಿಸಿನೆಸ್ ಮಾಡಿದ, ಡೆಮಾಕ್ರಟಿಕ್ ಪಾರ್ಟಿಗೆ ಸೇರಿದ. 1960ರಲ್ಲಿ ಕೆನಡಿ ಎಲೆಕ್ಷನಿಗೆ ನಿಂತಾಗ ಕೊಲರಾಡೊದಲ್ಲಿ ಮೆಕ್ಸಿಕನ್ ಅಮೇರಿಕನ್ನರ ವೋಟು ಒಟ್ಟು ಮಾಡುವ ಕೆಲಸ ಇವನದ್ದೇ. ಅದರ ಫಲವಾಗಿ ಮುಂದೆ ಬಡತನ ನಿವಾರಣೆ ಸ್ಕೀಮುಗಳಲ್ಲಿ ಅಧಿಕಾರ ಸಿಕ್ಕಿತು, ಯುವಕರಿಗೆ ಕೆಲಸ ಕೊಡಿಸುವ ಒಂದು ಸರಕಾರಿ ಯೋಜನೆಗೆ ಡೈರೆಕ್ಟರ್ ಆದ. 1966ರಲ್ಲಿ ಪೇಪರಿನವರು ಇವ ತನ್ನ ಜನರಿಗೇ ಹೆಚ್ಚು ಕೆಲಸ ಕೊಡ್ತಾನೆ ಅಂತ ಬರೆದ್ರು, ಮೇಯರು ಕೆಲಸದಿಂದ ತೆಗೆದ್ರು.

ನನ್ನ ಲೆಕ್ಕದಲ್ಲಿ ಇಡೀ ಕತೆಯಲ್ಲಿ ಗಮನಿಸ್ಬೇಕಾದ್ದು ಇದನ್ನೇ. ಸಾಮಾನ್ಯವಾಗಿ ನಾವೆಂತ ತಿಳ್ಕೊಳ್ತೇವೆ, ಕವಿ ಮೊದಲು ಕವಿತೆ ಬರೀತಾನೆ, ಹೆಸರು ಬರ್ತದೆ, ಮತ್ತೆ ಮೈಕ್ ಹಿಡಿದು ಚಳವಳಿಗೆ ಬರ್ತಾನೆ ಅಂತ. ಇಲ್ಲಿ ತಿರುಗಾಮುರುಗ. ಪಾರ್ಟಿಯ ಒಳಗೆ ಹೋಗಿ ವೋಟು ತೆಗೆಸಿ ಕೊಟ್ಟು, ಸರಕಾರಿ ಕುರ್ಚಿಯಲ್ಲಿ ಕೂತು, ಅಲ್ಲಿಂದ ಹೊರಗೆ ದೂಡಿಸ್ಕೊಂಡು, ಪಾರ್ಟಿಯನ್ನೂ ಬಿಟ್ಟು, ಅದೇ 1966ರಲ್ಲಿ ‘ಕ್ರುಸೇಡ್ ಫಾರ್ ಜಸ್ಟಿಸ್’ ಅಂತ ತನ್ನದೇ ಸಂಘಟನೆ ಕಟ್ಟಿ, ಅದಾದ ಮೇಲೆ 1967ರಲ್ಲಿ ‘ಯೊ ಸೊಯ್ ಹೊವಾಕಿನ್’ ಅಂತ ಉದ್ದದ ಪದ್ಯ ಬರೆದದ್ದು. ನಾನು ಹೊವಾಕಿನ್ ಅಂತ ಅರ್ಥ. ವಯಸ್ಸು 39ರ ಹತ್ರ. ಸಂಘಟನೆಯವರೇ ಕಾಪಿ ತೆಗೆದು ಹಂಚಿದ್ದು, ಮೀಟಿಂಗಲ್ಲಿ, ಮೆರವಣಿಗೆಯಲ್ಲಿ, ಕಾಲೇಜು ಹುಡುಗರ ಎದುರು ಗಟ್ಟಿಯಾಗಿ ಓದ್ಲಿಕ್ಕೇ ಅಂತ ಬರೆದದ್ದು. ದೊಡ್ಡ ಪ್ರಕಾಶಕರು ಪುಸ್ತಕ ಮಾಡಿದ್ದು 1972ರಲ್ಲಿ. ಅಷ್ಟರೊಳಗೆ 1969ರಲ್ಲೇ ಲೂಯಿಸ್ ವಾಲ್ಡೆಸ್ ಅವರ ಹೊಲದ ಕಾರ್ಮಿಕರ ನಾಟಕ ತಂಡ ಅದನ್ನು ಸಣ್ಣ ಸಿನಿಮಾ ಕೂಡ ಮಾಡಿ ಆಗಿತ್ತು.

1968ರಲ್ಲಿ ಡೌನಿಂಗ್ ಸ್ಟ್ರೀಟಿನ ಒಂದು ಹಳೇ ಚರ್ಚ್ ಕಟ್ಟಡ ತೆಗೊಂಡ್ರು. ಅದರೊಳಗೆ ನಾಟಕದ ಹಾಲ್, ಜಿಮ್, ಪುಸ್ತಕ, ‘ಎಲ್ ಗಾಯೊ’ ಅಂದ್ರೆ ಹುಂಜ ಅನ್ನುವ ಹೆಸರಿನ ಪತ್ರಿಕೆ, ಪೊಲೀಸರು ಹಿಡ್ಕೊಂಡು ಹೋದ ಹುಡುಗರಿಗೆ ವಕೀಲರನ್ನು ಹುಡುಕಿ ಕೊಡುವುದು, ಎಲ್ಲ. ಕಾರ್ಕಿ ನಾಟಕವೂ ಬರೆದು ಅಲ್ಲೇ ಆಡಿಸಿದ. 1969ರ ಮಾರ್ಚಲ್ಲಿ ಡೆನ್ವರಿನ ವೆಸ್ಟ್ ಹೈಸ್ಕೂಲಲ್ಲಿ ಒಬ್ಬ ಮಾಸ್ತರು ಕ್ಲಾಸಲ್ಲಿ ಮೆಕ್ಸಿಕನ್ ಮಕ್ಕಳನ್ನು ಹೀನಾಯವಾಗಿ ಮಾತಾಡಿದ ಅಂತ ಮಕ್ಕಳು ಕ್ಲಾಸು ಬಿಟ್ಟು ಹೊರಗೆ ಬಂದ್ರು, ಪೊಲೀಸರು ಬಂದ್ರು, ಲಾಠಿ, ಅರೆಸ್ಟ್, ಕಾರ್ಕಿಯೂ ಒಳಗೆ. ಅದೇ ತಿಂಗಳ ಕೊನೆಗೆ ದೇಶದ ಎಲ್ಲ ಕಡೆಯಿಂದ ಸಾವಿರಕ್ಕಿಂತ ಹೆಚ್ಚು ಚಿಕಾನೊ ಯುವಕ ಯುವತಿಯರು ಅವನ ಆ ಕಟ್ಟಡಕ್ಕೆ ಸಮ್ಮೇಳನಕ್ಕೆ ಬಂದ್ರು. 1987ರಲ್ಲಿ ಕಾರು ಓಡಿಸ್ತಾ ಇರುವಾಗ ಹಾರ್ಟ್ ಅಟ್ಯಾಕ್ ಆಗಿ ಆಕ್ಸಿಡೆಂಟ್, ಆಮೇಲೆ ಮೊದಲಿನ ಹಾಗೆ ಆಗ್ಲೇ ಇಲ್ಲ. ತೀರಿಹೋದದ್ದು 2005ರ ಏಪ್ರಿಲ್ 12ಕ್ಕೆ. ನಿಮ್ಮ ಮಗ ನೋಡಿದ ಲೈಬ್ರರಿ 2015ರಲ್ಲಿ ಶುರುವಾದದ್ದು. ಕೆಲಸದಿಂದ ತೆಗೆದ ಅದೇ ನಗರಾಡಳಿತ ಇವತ್ತು ಬೋರ್ಡಿನಲ್ಲಿ ಹೆಸರು ಬರೆಸಿದೆ, ಸರಕಾರಗಳಿಗೆ ಸತ್ತ ಹೋರಾಟಗಾರರು ಬಹಳ ಇಷ್ಟ ನೋಡಿ.

ಪ್ರಶ್ನೆ: ನಾವು ಮನೆ ಬದಲಿಸ್ಲಿಲ್ಲ, ರಾಜ್ಯವೇ ಬದಲಾಯ್ತು ಅಂತ ನನ್ನ ಅಜ್ಜ ಈಗ್ಲೂ ಹೇಳ್ತಾರೆ. ಈ ಚಿಕಾನೊಗಳದ್ದೂ ಅದೇ ಕತೆಯಾ ಸರ್? ಅವರು ಮೆಕ್ಸಿಕೋದಿಂದ ಕೆಲಸಕ್ಕೆ ಬಂದವರಲ್ವಾ?
– ಡಿಗ್ರಿ ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಎರಡೂ ಸರಿ ತಂಗಿ, ಅದೇ ಅದರ ತೊಡಕು. ಅಜ್ಜ ಹೇಳುವುದು 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಹೋದದ್ದು, ಅಲ್ಲಿಯದ್ದು ಹೀಗೆ. 1846ರಿಂದ ಎರಡು ವರ್ಷ ಅಮೇರಿಕ ಮತ್ತು ಮೆಕ್ಸಿಕೊ ಯುದ್ಧ ಆಯ್ತು, ಮೆಕ್ಸಿಕೊ ಸೋತಿತು, 1848ರ ಫೆಬ್ರವರಿ 2ಕ್ಕೆ ಗ್ವಾಡಲೂಪೆ ಹಿಡಾಲ್ಗೊ ಅನ್ನುವ ಊರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಇವತ್ತಿನ ಕ್ಯಾಲಿಫೋರ್ನಿಯ, ನೆವಾಡ, ಯೂಟಾ, ಅರಿಜೋನ ಮತ್ತು ನ್ಯೂ ಮೆಕ್ಸಿಕೋದ ಹೆಚ್ಚಿನ ಭಾಗ, ಕೊಲರಾಡೊದ ಒಂದಷ್ಟು, ಇಷ್ಟೂ ಅಮೇರಿಕಕ್ಕೆ ಹೋಯ್ತು, ಟೆಕ್ಸಾಸ್ ಮೇಲಿನ ಹಕ್ಕನ್ನೂ ಮೆಕ್ಸಿಕೊ ಬಿಟ್ಟುಕೊಟ್ಟಿತು. ಬದಲಿಗೆ ಸಿಕ್ಕಿದ್ದು 1.5 ಕೋಟಿ ಡಾಲರ್. ಅಲ್ಲಿ ಆಗ ಇದ್ದ ಮೆಕ್ಸಿಕನ್ನರು 80 ಸಾವಿರದಿಂದ 1 ಲಕ್ಷ ಅಂತ ಅಂದಾಜು. ಒಂದು ವರ್ಷದೊಳಗೆ ಮೆಕ್ಸಿಕೋದ ಪೌರರಾಗಿಯೇ ಇರ್ತೇವೆ ಅಂತ ಹೇಳದಿದ್ರೆ ಅಮೇರಿಕದವರಾಗ್ತಾರೆ, ಅವರ ಜಾಗ ಆಸ್ತಿ ಅವರಿಗೇ, ಅಂತ ಒಪ್ಪಂದ ಹೇಳ್ತದೆ.

ಕಾಗದದಲ್ಲಿ ಎಲ್ಲ ಚಂದ. ಆದ್ರೆ ಮೆಕ್ಸಿಕೊ ಸರಕಾರ ಕೊಟ್ಟ ಜಮೀನಿನ ಹಕ್ಕುಪತ್ರಗಳನ್ನು ಮಾನ್ಯ ಮಾಡ್ತೇವೆ ಅನ್ನುವ 10ನೇ ಕಲಮನ್ನು ಅಮೇರಿಕದ ಸೆನೆಟ್ ಕಿತ್ತು ಹಾಕಿತು. 1851ರಲ್ಲಿ ಕ್ಯಾಲಿಫೋರ್ನಿಯಕ್ಕೆ ಬೇರೆಯೇ ಕಾನೂನು ಬಂತು, ಹಳೇ ಹಕ್ಕುದಾರರೆಲ್ಲ ಕಮಿಷನ್ ಎದುರು ಬಂದು ಜಾಗ ತಮ್ಮದೇ ಅಂತ ಪ್ರೂಫ್ ಕೊಡ್ಬೇಕು. ಇಂಗ್ಲಿಷ್ ಬಾರದ ಜನ, ಇಂಗ್ಲಿಷ್ ಕೋರ್ಟು, ವರ್ಷಗಟ್ಟಲೆ ಕೇಸು, ವಕೀಲರ ಫೀಸಿಗೇ ಜಾಗ ಮಾರಿದವರು ಎಷ್ಟೋ. ಆಧಾರ ಪತ್ರ ಹಿಡಿದು ತಾಲೂಕು ಆಫೀಸಿನಲ್ಲಿ ತನಗೆ ಅರ್ಥ ಆಗದ ಭಾಷೆಯ ನೋಟೀಸು ತಿರುಗಿಸಿ ತಿರುಗಿಸಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ.

ಆದ್ರೆ ಆಮೇಲೆ, ಅದ್ರಲ್ಲೂ 1910ರ ಮೆಕ್ಸಿಕನ್ ಕ್ರಾಂತಿಯ ಗಲಾಟೆಯಲ್ಲಿ, ಗಡಿ ದಾಟಿ ಬಂದವರೂ ಲಕ್ಷಗಟ್ಟಲೆ, ಕಾರ್ಕಿಯ ಅಪ್ಪನೂ ವಲಸೆ ಬಂದವರೇ. 1960ರ ದಶಕದ ಹುಡುಗರು ಈ ಎರಡೂ ಗುಂಪನ್ನು ಒಂದು ಮಾಡಿ ನಾವೆಲ್ಲ ಚಿಕಾನೊ ಅಂದ್ರು, ಮೊದಲು ಬೈಗುಳದ ಹಾಗೆ ಇದ್ದ ಶಬ್ದ ಅದು. ಅಜ್ಜನ ಮಾತಿಗೂ ಅವರ ಘೋಷಣೆಗೂ ಭಾರೀ ಹೋಲಿಕೆ ಉಂಟು, ನಾವು ಗಡಿ ದಾಟಿದ್ದಲ್ಲ ಗಡಿಯೇ ನಮ್ಮನ್ನು ದಾಟಿದ್ದು ಅಂತ ಅವರೂ ಹೇಳ್ತಿದ್ರು.

ಪ್ರಶ್ನೆ: ಕವಿತೆ ಇಂಗ್ಲಿಷಲ್ಲಿ ಉಂಟಂತೆ? ತಮ್ಮ ಭಾಷೆ ಉಳಿಸ್ಲಿಕ್ಕೆ ಹೋರಾಡಿದವ ಆಳುವವರ ಭಾಷೆಯಲ್ಲೇ ಬರೆದ್ರೆ ಅದೆಂತ ಹೋರಾಟ? ನಮ್ಮಲ್ಲೂ ಈಗಿನ ಮಕ್ಕಳು ಕನ್ನಡಕ್ಕೆ ಮಲಯಾಳ ಸೇರಿಸಿ ಮಾತಾಡುವುದು ಕೇಳಿದ್ರೆ ತಲೆ ಬಿಸಿಯಾಗ್ತದೆ.
– ಕನ್ನಡಾಭಿಮಾನಿ, ಮುಳ್ಳೇರಿಯ

ಉತ್ತರ: ತಲೆ ಬಿಸಿ ಮಾಡ್ಕೊಳ್ಬೇಡಿ ಅಣ್ಣ. ಹೌದು, ಮೂಲ ಇಂಗ್ಲಿಷೇ, ಮಧ್ಯ ಮಧ್ಯ ಸ್ಪ್ಯಾನಿಷ್ ಹೆಸರು, ಸ್ಪ್ಯಾನಿಷ್ ಮಾತು, ಮತ್ತೆ ಪುಸ್ತಕದಲ್ಲಿ ಸ್ಪ್ಯಾನಿಷ್ ಅನುವಾದವೂ ಜೊತೆಗೇ ಪ್ರಿಂಟಾಯ್ತು. ಯಾಕೆ ಇಂಗ್ಲಿಷ್ ಅಂದ್ರೆ, ಅವ ಯಾರಿಗಾಗಿ ಬರೆದನೋ ಆ ಪೇಟೆಯ ಹುಡುಗರಲ್ಲಿ ತುಂಬಾ ಜನರಿಗೆ ಸ್ಪ್ಯಾನಿಷ್ ಓದ್ಲಿಕ್ಕೇ ಬರ್ತಿರ್ಲಿಲ್ಲ. ಬಾರದೆ ಇದ್ದದ್ದು ಅವರ ತಪ್ಪಲ್ಲ. ಟೆಕ್ಸಾಸ್, ಕ್ಯಾಲಿಫೋರ್ನಿಯ, ಕೊಲರಾಡೊ, ಆ ಕಡೆಯ ಎಷ್ಟೋ ಶಾಲೆಗಳಲ್ಲಿ ಆಟದ ಮೈದಾನದಲ್ಲೂ ಸ್ಪ್ಯಾನಿಷ್ ಮಾತಾಡ್ಬಾರ್ದು ಅಂತ ರೂಲ್ ಇತ್ತು, ಮಾತಾಡಿದ್ರೆ ಪೆಟ್ಟು, ಇಲ್ಲಾ ದಂಡ, ಇಲ್ಲಾ ಶಾಲೆ ಬಿಟ್ಟ ಮೇಲೆ ಕೂರಿಸುವುದು. ಪೆಟ್ಟು ತಿಂದ ಅಪ್ಪ ಅಮ್ಮಂದಿರು ಎಂತ ಮಾಡಿದ್ರು, ಮಕ್ಕಳಿಗಾದ್ರೂ ಕಷ್ಟ ಬೇಡ ಅಂತ ಮನೆಯಲ್ಲೂ ಇಂಗ್ಲಿಷೇ ಶುರು ಮಾಡಿದ್ರು.

ಹಾಗಿರುವಾಗ ಶುದ್ಧ ಸ್ಪ್ಯಾನಿಷಲ್ಲಿ ಬರೆದಿದ್ರೆ ಅದು ಪ್ರೊಫೆಸರುಗಳ ಕಪಾಟಿನಲ್ಲೇ ಉಳೀತಿತ್ತು. ಅವ ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಮತ್ತೆ ಅಷ್ಟಕ್ಕೇ ಬಿಡ್ಲಿಲ್ಲ, ಬರೇ ಕವಿತೆಯಿಂದ ಭಾಷೆ ಬರುದಿಲ್ಲ ಅಂತ ಗೊತ್ತಿತ್ತು ಅವನಿಗೆ, 1970ರ ಸುಮಾರಿಗೆ ಅದೇ ಕಟ್ಟಡದಲ್ಲಿ ‘ಎಸ್ಕ್ವೇಲಾ ತ್ಲಾತೆಲೋಲ್ಕೊ’ ಅಂತ ಎರಡು ಭಾಷೆಯ ಶಾಲೆ ಶುರು ಮಾಡಿದ. ತ್ಲಾತೆಲೋಲ್ಕೊ ಮೆಕ್ಸಿಕೊ ಸಿಟಿಯ ಒಂದು ಜಾಗ, 1968ರ ಅಕ್ಟೋಬರ್ 2ಕ್ಕೆ ಅಲ್ಲಿ ಸೈನ್ಯದವರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ್ರು. ಆ ಶಾಲೆ ನಾಲ್ಕು ದಶಕಕ್ಕಿಂತ ಹೆಚ್ಚು ನಡೀತು.

ಇನ್ನು ನಮ್ಮ ಮಕ್ಕಳ ವಿಷಯ. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಫೋನಲ್ಲಿ ಇಂಗ್ಲಿಷ್. ಈ ಮಕ್ಕಳಿಗೆ ಮಿಕ್ಸ್ ಮಾಡ್ಬೇಡ ಅಂತ ಬೈದ್ರೆ ಅವು ಬಾಯಿ ಮುಚ್ತವೆ, ಅಷ್ಟೇ. ಕನ್ನಡ ಶಾಲೆಗೆ ಕನ್ನಡ ಗೊತ್ತಿಲ್ಲದ ಟೀಚರನ್ನು ಹಾಕಿದಾಗ ಹೋಗಿ ಗಲಾಟೆ ಮಾಡಿ ಅಣ್ಣ, ಅಲ್ಲಿ ನಿಮ್ಮ ತಲೆ ಬಿಸಿ ಉಪಯೋಗಕ್ಕೆ ಬರ್ತದೆ, ಸಂವಿಧಾನದ 350ಎ ವಿಧಿ ನಿಮ್ಮ ಬೆನ್ನಿಗೆ ಉಂಟು, ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲೀಲಿಕ್ಕೆ ಸೌಕರ್ಯ ಮಾಡಿಕೊಡ್ಬೇಕು ಅಂತ. ಮಗು ಮಲಯಾಳ ಸೇರಿಸಿ ‘ಅಮ್ಮಾ ಚಾಯ ಮತಿ’, ಅಂದ್ರೆ ಚಾ ಸಾಕು, ಅಂದದ್ದಕ್ಕೆ ಬೇಡ.

ಪ್ರಶ್ನೆ: ಆ ಪದ್ಯದ ಇಂಗ್ಲಿಷ್ ಪ್ರತಿ ಓದಿದೆ. ಎಲ್ಲ ಗಂಡಸರೇ ಇದ್ದಾರಲ್ಲ? ಹೆಂಗಸರು ಅಳ್ಲಿಕ್ಕೆ ಮಾತ್ರವಾ?
– ಎಂ.ಎ. ವಿದ್ಯಾರ್ಥಿನಿ, ಪೆರ್ಲ

ಉತ್ತರ: ಸರಿಯಾಗಿಯೇ ಹಿಡ್ದಿದ್ದೀರಿ. ಓದದವರಿಗಾಗಿ ಸ್ವಲ್ಪ ಹೇಳ್ತೇನೆ. ಹೊವಾಕಿನ್ ಅನ್ನುವವ ಮೊದಲಿಗೆ ಗೊಂದಲದಲ್ಲಿದ್ದಾನೆ, ಬಿಳಿಯರ ಸಮಾಜದ ಸುಳಿಯಲ್ಲಿ ಸಿಕ್ಕಿಬಿದ್ದಿದ್ದಾನೆ, ಹೊಟ್ಟೆ ತುಂಬಿಸ್ಕೊಂಡು ಆತ್ಮ ಬಿಟ್ಟುಕೊಡುವುದಾ, ಆತ್ಮ ಉಳಿಸ್ಕೊಂಡು ಹಸಿವಲ್ಲಿರುವುದಾ ಅನ್ನುವ ಆಯ್ಕೆ. ಅಲ್ಲಿಂದ ಅವ ಹಿಂದೆ ಹೋಗ್ತಾನೆ, ಸ್ಪೇನಿನವರು ಬರುವ ಮೊದಲು ಮೆಕ್ಸಿಕೋದಲ್ಲಿ ಆಳಿದ ಅಸ್ಟೆಕರ ರಾಜ ಕ್ವಾವ್ತೆಮೊಕ್ ನಾನೇ ಅಂತಾನೆ, ಅವನನ್ನು ಸೋಲಿಸಿದ ಸ್ಪೇನಿನ ಕೊರ್ತೆಸ್ ಕೂಡ ನಾನೇ ಅಂತಾನೆ. ಮೆಕ್ಸಿಕೋದ ಹೋರಾಟದ ನಾಯಕರಾದ ಹಿಡಾಲ್ಗೊ, ಹ್ವಾರೆಸ್, ವೀಯ, ಜಪಾಟಾ, ಮತ್ತೆ ಕ್ಯಾಲಿಫೋರ್ನಿಯದಲ್ಲಿ ದರೋಡೆಕೋರ ಅಂತ ಬೇಟೆಯಾಡಲ್ಪಟ್ಟ ಹೊವಾಕಿನ್ ಮುರಿಯೇಟಾ, ಎಲ್ಲರೂ ನಾನೇ. ಕೊಂದವನೂ ನಾನು ಸತ್ತವನೂ ನಾನು ಅನ್ನುವ ಧೈರ್ಯ ನನಗೆ ಆ ಪದ್ಯದಲ್ಲಿ ಎಲ್ಲಕ್ಕಿಂತ ಇಷ್ಟ, ಚಳವಳಿಯ ಪದ್ಯಗಳಲ್ಲಿ ಸಾಮಾನ್ಯ ನಮ್ಮವರೆಲ್ಲ ದೇವರು ಅವರೆಲ್ಲ ರಾಕ್ಷಸರು ಅಂತ ಇರ್ತದೆ, ಇಲ್ಲಿ ಹಾಗಿಲ್ಲ, ಮೆಕ್ಸಿಕನ್ ರಕ್ತದಲ್ಲಿ ಗೆದ್ದವನದ್ದೂ ಸೋತವನದ್ದೂ ಎರಡೂ ಇದೆ ಅಂತ ಒಪ್ಪಿಕೊಳ್ತದೆ.

ಆದ್ರೆ ಹೆಂಗಸರು ಅಂದ ಕೂಡ್ಲೇ ಗ್ವಾಡಲೂಪೆಯ ಮೇರಿ ಮಾತೆ, ಅಸ್ಟೆಕರ ತಾಯಿ ದೇವತೆ, ಕಪ್ಪು ಶಾಲು ಹೊದ್ದು ಗಂಡನ ಜೊತೆ ಬದುಕುವ ಸಾಯುವ ಹೆಂಗಸು. ಆ ಶಾಲಿನ ಹೆಂಗಸರಿಗೆ ಹೆಸರೇ ಇಲ್ಲ. ಇದು ಪದ್ಯದಲ್ಲಿ ಮಾತ್ರ ಅಲ್ಲ. 1969ರ ಡೆನ್ವರ್ ಸಮ್ಮೇಳನದಲ್ಲಿ ಹೆಂಗಸರ ಪ್ರಶ್ನೆಗೆ ಅಂತ ಒಂದು ಬೇರೆ ಗೋಷ್ಠಿ ಆಯ್ತು, ಕೊನೆಗೆ ಎಲ್ಲರೆದುರು ಬಂದ ವರದಿ ಎಂತ ಅಂದ್ರೆ, ಚಿಕಾನಾ ಹೆಣ್ಣಿಗೆ ವಿಮೋಚನೆ ಬೇಡ ಅಂತ ನಮ್ಮ ಗುಂಪಿನ ಒಮ್ಮತ ಅಂತ! ಅದನ್ನು ಕೇಳಿ ಬೇಜಾರಾಗಿ ಎನ್ರಿಕೆಟಾ ವಾಸ್ಕೆಸ್ ಅನ್ನುವವರು ಆಮೇಲೆ ಬರೆದ ಲೇಖನ ತುಂಬಾ ಓದಿಸ್ಕೊಂಡಿತು, ಅವರು ಹೊರಗಿನವರಲ್ಲ, ಕ್ರುಸೇಡಿನಲ್ಲೇ ಕೆಲಸ ಮಾಡಿದವರು. ಎರಡೇ ವರ್ಷದಲ್ಲಿ, 1971ರ ಮೇ ತಿಂಗಳಲ್ಲಿ ಹ್ಯೂಸ್ಟನಲ್ಲಿ ಚಿಕಾನಾ ಹೆಂಗಸರದ್ದೇ ಸಮ್ಮೇಳನ ಆಯ್ತು, 600ರಷ್ಟು ಜನ ಸೇರಿದ್ರು, ಗರ್ಭನಿರೋಧಕ, ಶಿಶುವಿಹಾರ, ಚರ್ಚಿನ ದಬ್ಬಾಳಿಕೆ ಎಲ್ಲ ಮಾತಾಡಿದ್ರು, ಜಗಳವೂ ಆಯ್ತು, ಕೆಲವರು ಎದ್ದು ಹೋದ್ರು.

ಕಾರ್ಕಿಯ ಹೆಂಡತಿ ಜೆರಾಲ್ಡೀನ್ ಎಂಟು ಮಕ್ಕಳ ತಾಯಿ, ಚಳವಳಿಯ ಮನೆ ಅಂದ್ರೆ ಬಂದವರಿಗೆಲ್ಲ ಊಟ, ಮಲಗ್ಲಿಕ್ಕೆ ಜಾಗ, ಜೈಲಿಗೆ ಹೋದ್ರೆ ಓಡಾಟ, ಇದು ಯಾವ ಊರಲ್ಲೂ ಯಾರ ತಲೆಗೆ ಬೀಳ್ತದೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಮೊದಲು ಹೇಳಿದ ಆ ತ್ಲಾತೆಲೋಲ್ಕೊ ಶಾಲೆಯನ್ನು ಎಷ್ಟೋ ವರ್ಷ ನಡೆಸಿದ್ದು ಮಗಳು ನೀಟಾ. ಎಂ.ಎ. ಥೀಸಿಸ್ಸಿಗೆ ವಿಷಯ ಹುಡುಕ್ತಾ ಇದ್ರೆ ಪದ್ಯ ಬಿಡಿ, ಅದನ್ನು ಹಿಡೀರಿ.

ಪ್ರಶ್ನೆ: ಅವರದ್ದು ಹಿಂಸೆಯ ಚಳವಳಿಯಾ? ಬಾಂಬು ಸ್ಫೋಟ ಆಗಿತ್ತು ಅಂತ ಎಲ್ಲೋ ಓದಿದ ನೆನಪು.
– ಅಂಗಡಿಯವರು, ಹೊಸಂಗಡಿ

ಉತ್ತರ: 1973ರ ಮಾರ್ಚ್ 17ರ ರಾತ್ರಿಯದ್ದು. ಕ್ರುಸೇಡ್ ಕಟ್ಟಡದ ಪಕ್ಕದ ಅಪಾರ್ಟ್‌ಮೆಂಟಿನ ಹತ್ರ ಪೊಲೀಸರಿಗೂ ಚಳವಳಿಯವರಿಗೂ ಗುಂಡಿನ ಚಕಮಕಿ, ಸ್ಫೋಟ, ಲೂಯಿಸ್ ಮಾರ್ಟಿನೆಜ್ ಅನ್ನುವ 20 ವರ್ಷದ ಹುಡುಗ ಸತ್ತ, ಪೊಲೀಸರಿಗೂ ಗಾಯ ಆಯ್ತು. ಪೊಲೀಸರು ಒಳಗೆ ಸ್ಫೋಟಕ ಇಟ್ಟಿದ್ರು ಅಂದ್ರು, ಚಳವಳಿಯವರು ಇದು ನಮ್ಮನ್ನು ಮುಗಿಸ್ಲಿಕ್ಕೆ ಮಾಡಿದ್ದು ಅಂದ್ರು. ಎಫ್‌ಬಿಐ ಮತ್ತು ಡೆನ್ವರ್ ಪೊಲೀಸರು ವರ್ಷಗಟ್ಟಲೆ ಈ ಸಂಘಟನೆಯ ಮೇಲೆ ಕಣ್ಣಿಟ್ಟಿದ್ದದ್ದಂತೂ ಸತ್ಯ. ಅದಾದ ಮೇಲೆ ಕ್ರುಸೇಡಿಗೆ ಮೊದಲಿನ ಬಲ ಬರ್ಲೇ ಇಲ್ಲ. ಕಾರ್ಕಿ ಗಾಂಧಿವಾದಿ ಅಲ್ಲ, ಆತ್ಮರಕ್ಷಣೆ ನಮ್ಮ ಹಕ್ಕು ಅಂತ ಹೇಳ್ತಿದ್ದವ. ಆದ್ರೆ ಅವನ ದಿನನಿತ್ಯದ ಕೆಲಸ ಬಂದೂಕಿನದ್ದಲ್ಲ, ಅರ್ಜಿ, ಕೋರ್ಟು, ಶಾಲೆ, ಪತ್ರಿಕೆ, ಎಲೆಕ್ಷನ್. ಲಾ ರಾಸಾ ಉನಿದಾ ಅಂತ ಮೂರನೇ ಪಕ್ಷಕ್ಕೆ ಕೊಲರಾಡೊದಲ್ಲಿ ಅವನೇ ಲೀಡರ್, 1972ರಲ್ಲಿ ಅದರ ರಾಷ್ಟ್ರೀಯ ಅಧ್ಯಕ್ಷತೆಗೆ ನಿಂತು ಟೆಕ್ಸಾಸಿನ ಹೊಸೆ ಆಂಗೆಲ್ ಗುಟಿಯೆರೆಸ್ ಎದುರು ಸೋತ.

ಪ್ರಶ್ನೆ: ನೀವು ಎಲ್ಲೆಲ್ಲಿಯದ್ದೋ ಹೇಳ್ತೀರಿ. ನಮ್ಮ ಕಯ್ಯಾರ ಕಿಂಞಣ್ಣ ರೈಗಳು ಇದಕ್ಕಿಂತ ಕಮ್ಮಿಯಾ? ಅವರೇ ನಮ್ಮ ಕಾರ್ಕಿ ಅಂತ ಯಾಕೆ ಹೇಳ್ಬಾರ್ದು?
– ಹಿರಿಯ ಓದುಗರು, ನೀರ್ಚಾಲು

ಉತ್ತರ: ಕಮ್ಮಿ ಅಂತ ಯಾರು ಹೇಳಿದ್ರು ಮಾರಾಯ್ರೆ. ಕಾರ್ಕಿಗಿಂತ 13 ವರ್ಷ ದೊಡ್ಡವರು, 1915ರ ಜೂನ್ 8ಕ್ಕೆ ಹುಟ್ಟಿ 2015ರ ಆಗಸ್ಟ್ 9ಕ್ಕೆ ತೀರಿಕೊಂಡ್ರು, ನೂರು ತುಂಬಿಸಿಯೇ ಹೋದ್ರು. ಹೋಲಿಕೆ ಉಂಟು. ಇಬ್ರೂ ಗದ್ದೆ ಕೆಲಸ ಬಲ್ಲವರು, ಇಬ್ರೂ ಸಭೆಯಲ್ಲಿ ಗಟ್ಟಿಯಾಗಿ ಹೇಳ್ಲಿಕ್ಕಾಗುವ ಪದ್ಯ ಬರೆದವರು, ಇಬ್ರಿಗೂ ಶಾಲೆ ಅಂದ್ರೆ ಜೀವ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದ ಮೇಲೆ ಕಯ್ಯಾರರ ಹಾಡು ಹೇಳದ ಕನ್ನಡ ಸಭೆ ಇಲ್ಲಿ ಇರ್ಲಿಲ್ಲ.

ಆದ್ರೆ ಒಂದೇ ಅಂತ ಹೇಳ್ಲಿಕ್ಕೆ ನನಗೆ ಮನಸ್ಸು ಒಪ್ಪುದಿಲ್ಲ, ಕಾರಣ ಹೇಳ್ತೇನೆ, ಬೇಜಾರು ಮಾಡ್ಬೇಡಿ. ನಮ್ಮ ಬೇಡಿಕೆಗೆ ಒಂದು ಮ್ಯಾಪು ಇತ್ತು. ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರ್ಬೇಕು ಅಂತ ಬರೆದು ಕೊಟ್ಟಿತು, ಜಾರಿಯಾಗ್ಲಿಲ್ಲ ಅದು ಬೇರೆ ಮಾತು. ಅದೇ 1967ರಲ್ಲಿ ಕಾರ್ಕಿಯ ಪದ್ಯ ಬಂದದ್ದು ನೋಡಿ. ಅವರಿಗೆ ಯಾವ ಆಯೋಗವೂ ಇರ್ಲಿಲ್ಲ. 1969ರ ಸಮ್ಮೇಳನದಲ್ಲಿ ಅವರು ಘೋಷಿಸಿದ ‘ಅಸ್ತ್ಲಾನ್’, ಅದು ಅಸ್ಟೆಕರ ಪುರಾಣದ ಮೂಲನಾಡು, ಆ ಘೋಷಣೆಯ ಮುನ್ನುಡಿ ಬರೆದದ್ದು ಅಲುರಿಸ್ಟಾ ಅನ್ನುವ ಇನ್ನೊಬ್ಬ ಯುವಕವಿ, ಆ ಅಸ್ತ್ಲಾನ್ ಮಾತ್ರ ಯಾವ ಸರ್ವೆ ನಂಬ್ರದಲ್ಲೂ ಇಲ್ಲ.

ಮತ್ತೆ ಇನ್ನೊಂದು, ಇದನ್ನು ನಮ್ಮಲ್ಲಿ ಜಾಸ್ತಿ ಯಾರೂ ಹೇಳುದಿಲ್ಲ. ಕಾರ್ಕಿಯ ಜನ ಬಣ್ಣಕ್ಕೆ, ಮೈಗೆ, ಕೂಲಿಗೆ ಅವಮಾನ ತಿಂದವರು, ವಿಯೆಟ್ನಾಮಿಗೆ ಹೋಗಿ ಸತ್ತವರಲ್ಲೂ ಅವರ ಪಾಲು ಹೆಚ್ಚು ಅಂತ 1970ರ ಆಗಸ್ಟ್ 29ಕ್ಕೆ ಲಾಸ್ ಏಂಜಲೀಸಲ್ಲಿ ದೊಡ್ಡ ಮೆರವಣಿಗೆ ಆಗಿ ಪತ್ರಕರ್ತ ರೂಬೆನ್ ಸಲಾಸಾರ್ ಪೊಲೀಸರ ಅಶ್ರುವಾಯು ಶೆಲ್ ತಾಗಿಯೇ ಸತ್ತ, ಕಾರ್ಕಿಯೂ ಆ ದಿನ ಅರೆಸ್ಟಾದ. ಇಲ್ಲಿ ಕನ್ನಡದವರೆಲ್ಲ ಹಾಗೆ ಕೆಳಗೆ ಇದ್ದವರಾ? ಧಣಿಗಳೂ ಕನ್ನಡ ತುಳುವಿನವರೇ, ಒಕ್ಕಲುಗಳೂ ಕನ್ನಡ ತುಳುವಿನವರೇ. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಕಾನೂನು ಗಟ್ಟಿಯಾಗಿ ಜಾರಿಯಾದಾಗ ಗೇಣಿಗೆ ಇದ್ದವರಿಗೆ ಜಾಗ ಸಿಕ್ಕಿತು, ಘಟ್ಟದಾಚೆ ಈಚೆ ಕರ್ನಾಟಕದಲ್ಲಿ ಅದು ಜೋರಾಗಿ ಶುರುವಾದದ್ದು 1974ರಲ್ಲಿ. ಹಾಗಾಗಿ ಗಡಿಯ ನೋವು ಎಲ್ರಿಗೂ ಒಂದೇ ತೂಕದ್ದಲ್ಲ ಇಲ್ಲಿ. ಭಾಷೆಯ ಅನ್ಯಾಯ ನಿಜ, ಆಫೀಸು, ಶಾಲೆ, ನೌಕರಿ ಎಲ್ಲ ಕಡೆ ಇಂದಿಗೂ ಉಂಟು, 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದ ಹೊತ್ತಿಗೂ ನೋಡಿದೆವು. ಆದ್ರೆ ನಾವು ಅಮೇರಿಕದ ಬೀಟ್ ಕೂಲಿಗಳ ಜಾಗದಲ್ಲಿ ನಮ್ಮನ್ನು ಇಟ್ಟುಕೊಂಡ್ರೆ ನಮ್ಮದೇ ತೋಟದಲ್ಲಿ ಅಡಿಕೆ ಹೆಕ್ಕಿದವರು ಎದ್ದು ಕೇಳ್ತಾರೆ, ನಮ್ಮ ಪದ್ಯ ಎಲ್ಲಿ ಅಂತ. ಕಯ್ಯಾರರಿಗೆ ಅದು ಗೊತ್ತಿತ್ತು ಅಂತ ಕಾಣ್ತದೆ ನನಗೆ, ದುಡಿಮೆಯ ಬಗ್ಗೆ ಅವರು ಬರೆದದ್ದು ಗಡಿಯ ಬಗ್ಗೆ ಬರೆದದ್ದಕ್ಕಿಂತ ಕಮ್ಮಿ ಇಲ್ಲ, ನಾವು ಸ್ಟೇಜಿನಲ್ಲಿ ಗಡಿಯ ಹಾಡು ಮಾತ್ರ ಹೇಳಿಸ್ತೇವೆ.

ಪ್ರಶ್ನೆ: ಇಂಥ ಕವಿಗಳು ಬೇರೆ ಯಾರಾದ್ರೂ? – ಉಪ್ಪಳ

ಉತ್ತರ: ಬೇಕಾದಷ್ಟು. ಇಬ್ರನ್ನು ಹೇಳ್ತೇನೆ. ರೌಲ್ ಸಲೀನಾಸ್, ಟೆಕ್ಸಾಸಿನವ, 1934ರಲ್ಲಿ ಹುಟ್ಟಿದ್ದು, ಹನ್ನೆರಡು ವರ್ಷದಷ್ಟು ಜೈಲಲ್ಲೇ ಕಳೆದ, 1969ರಲ್ಲಿ ಲೆವನ್‌ವರ್ತ್ ಜೈಲಿನೊಳಗೆ ಕೂತು ತಾನು ಬೆಳೆದ ಕೇರಿಯನ್ನು ನೆನಪಿಸ್ಕೊಂಡು ಬರೆದ ಪದ್ಯವೇ ಹೆಸರು ತಂದದ್ದು, ಆಮೇಲೆ ಆಸ್ಟಿನಲ್ಲಿ ‘ರೆಸಿಸ್ಟೆನ್ಸಿಯಾ’ ಅಂತ ಪುಸ್ತಕದಂಗಡಿ ಇಟ್ಟು ಹುಡುಗರಿಗೆ ಬರವಣಿಗೆ ಕಲಿಸಿದ, 2008ರಲ್ಲಿ ಹೋದ. ಇನ್ನೊಬ್ಬ ಹೊಸೆ ಮೊಂಟೋಯ, ಸ್ಯಾಕ್ರಮೆಂಟೋದಲ್ಲಿ ಪ್ರೊಫೆಸರ್, ಚಿತ್ರಕಾರ, ಕವಿ. ಅವರ ಕಲಾವಿದರ ಗುಂಪಿನ ಹೆಸರು ‘ರೆಬೆಲ್ ಚಿಕಾನೊ ಆರ್ಟ್ ಫ್ರಂಟ್’, ಗಿಡ್ಡಕ್ಕೆ ಆರ್‌ಸಿಎಎಫ್, ಜನ ಅದನ್ನು ಕೆನಡಾದ ವಾಯುಸೇನೆ ಅಂತ ತಪ್ಪು ತಿಳ್ಕೊಂಡ್ರಂತೆ, ಇವರು ಎಂತ ಮಾಡಿದ್ರು, ಹೌದು ನಾವು ‘ರಾಯಲ್ ಚಿಕಾನೊ ಏರ್‌ಫೋರ್ಸ್’ ಅಂತ ಹೇಳಿ ಪೈಲಟುಗಳ ಡ್ರೆಸ್ಸೇ ಹಾಕ್ಕೊಂಡು ಓಡಾಡ್ಲಿಕ್ಕೆ ಶುರು ಮಾಡಿದ್ರು. ಅದೇ ಗುಂಪು ಹೊಲದ ಕಾರ್ಮಿಕರ ಯೂನಿಯನಿಗೆ ಪೋಸ್ಟರ್ ಪ್ರಿಂಟ್ ಮಾಡಿ ಕೊಡ್ತಿತ್ತು, ಬಡ ಮಕ್ಕಳಿಗೆ ಬೆಳಗ್ಗಿನ ತಿಂಡಿ ಕೊಡ್ತಿತ್ತು. ತಮಾಷೆ ಗೊತ್ತಿದ್ದ ಹೋರಾಟಗಾರರು ಅಪರೂಪ ನೋಡಿ.

ಪ್ರಶ್ನೆ: ನಮ್ಮ ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ‘ನಾನು ಹೊವಾಕಿನ್’ ಕನ್ನಡಕ್ಕೆ ಮಾಡಿ ಓದಿಸ್ಬೇಕು ಅಂತ ಉಂಟು. ಎಲ್ಲಿ ಸಿಗ್ತದೆ? ಹಾಗೇ ಅನುವಾದ ಮಾಡ್ಬಹುದಾ?
– ಗ್ರಂಥಾಲಯ ಕಾರ್ಯದರ್ಶಿ, ಕುಂಬಳೆ

ಉತ್ತರ: ಒಳ್ಳೇ ಕೆಲಸ. ಕಾರ್ಕಿಯ ಪದ್ಯ, ನಾಟಕ, ಭಾಷಣ ಎಲ್ಲ ಸೇರಿಸಿದ ಪುಸ್ತಕ ‘ಮೆಸೇಜ್ ಟು ಅಸ್ತ್ಲಾನ್’ ಅಂತ 2001ರಲ್ಲಿ ಹ್ಯೂಸ್ಟನಿನ ಆರ್ತೆ ಪೂಬ್ಲಿಕೊ ಪ್ರೆಸ್ ತಂದಿದೆ. ಅನುವಾದ ಪ್ರಿಂಟ್ ಮಾಡ್ಲಿಕ್ಕಿದ್ರೆ ಹಕ್ಕುಸ್ವಾಮ್ಯ ಇದ್ದವರ ಅನುಮತಿ ಬೇಕು, ಪ್ರಕಾಶಕರಿಗೆ ಮೊದಲೇ ಒಂದು ಇಮೇಲ್ ಹಾಕಿ. ಪದ್ಯ ತುಂಬಾ ಉದ್ದ, ಸಾಲುಗಳು ಮಾತ್ರ ಗಿಡ್ಡ ಗಿಡ್ಡ, ಒಂದೊಂದು ಶಬ್ದದ ಸಾಲೂ ಉಂಟು, ಗಟ್ಟಿಯಾಗಿ ಉಸಿರು ಹಿಡಿದು ಹೇಳುವ ಲಯ. ಒಬ್ಬರೇ ಓದಿದ್ರೆ ಜನ ಎದ್ದು ಹೋಗ್ತಾರೆ, ನಾಲ್ಕೈದು ಜನ ಹಂಚಿಕೊಳ್ಳಿ, ತಾಳಮದ್ದಳೆಯಲ್ಲಿ ಮಾತು ಬಲ್ಲವರು ನಿಮ್ಮಲ್ಲಿ ಇರ್ತಾರಲ್ಲ, ಅವರಿಗೆ ಕೊರ್ತೆಸ್ ಪಾತ್ರ ಕೊಡಿ. ಪೆರ್ಲದ ಆ ತಂಗಿಯನ್ನೂ ಕರೀರಿ, ಆಕ್ಷೇಪ ಹೇಳ್ಲಿಕ್ಕೆ ಹತ್ತು ನಿಮಿಷ ಕೊಡಿ, ಅಧ್ಯಕ್ಷರ ಭಾಷಣದಲ್ಲಿ ಹತ್ತು ನಿಮಿಷ ಕಟ್ ಮಾಡಿದ್ರೆ ಟೈಮು ಸರಿಹೋಗ್ತದೆ.